ಮನೆ ಖರ್ಚಿನ ಹಳೇ ಪುಸ್ತಕಗಳು: ರದ್ದಿಗೆ ಹಾಕುವುದೋ, ಇಟ್ಟುಕೊಳ್ಳುವುದೋ?

ಹಳೇ ಲೆಡ್ಜರ್, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಇಲ್ಲಿ ನನ್ನಂತೆ ನಿವೃತ್ತರಾದವರೇ ಹೆಚ್ಚು, ಅದಕ್ಕೇ ಕೇಳುತ್ತಿದ್ದೇನೆ.

ನಾನು 1976ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವನು. 1969ರ ರಾಷ್ಟ್ರೀಕರಣದ ನಂತರ ಬ್ಯಾಂಕುಗಳು ಊರೂರಿಗೂ ಶಾಖೆ ತೆರೆಯುತ್ತಿದ್ದ ಕಾಲ ಅದು. ಹಿರಿಯೂರು, ಸಾಗರ, ಚನ್ನಗಿರಿ ಎಂದು ಸುತ್ತಿ ಶಿವಮೊಗ್ಗದಲ್ಲಿ ನಿವೃತ್ತನಾದೆ. ಈಗ ಈ ಮನೆಯನ್ನು ಬಾಡಿಗೆಗೆ ಕೊಟ್ಟು, ಬೆಂಗಳೂರಿನಲ್ಲಿ ಮಗಳ ಮನೆಯ ಹತ್ತಿರ ಚಿಕ್ಕದೊಂದು ಫ್ಲಾಟಿಗೆ ಹೋಗುವವರಿದ್ದೇವೆ. ಅಲ್ಲಿ ಅಟ್ಟವಿಲ್ಲ. ಇಲ್ಲಿಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕಿದೆ. ಅದರ ತುಂಬ ನನ್ನ ಹೆಂಡತಿ ಬರೆದ ಮನೆ ಖರ್ಚಿನ ಪುಸ್ತಕಗಳು. 1979ರಲ್ಲಿ ನಮ್ಮ ಮದುವೆಯಾಯಿತು, ಆ ವರ್ಷದಿಂದ ಹಿಡಿದು ಇತ್ತೀಚಿನವರೆಗೂ ಇವೆ. ಕೆಲವು ಉದ್ದನೆಯ ನೋಟ್‌ಬುಕ್ಕುಗಳು, ಕೆಲವು ಹೊಸ ವರ್ಷಕ್ಕೆ ಸಿಗುತ್ತಿದ್ದ ಡೈರಿಗಳು.

ರದ್ದಿಗೆ ಹಾಕಿ ಎಂದು ಅವಳೇ ಹೇಳುತ್ತಿದ್ದಾಳೆ. ಮಗಳೂ ಅದನ್ನೇ ಹೇಳಿದಳು. ನನಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ.

ಪುಸ್ತಕದ ಎಡಪುಟದಲ್ಲಿ ಜಮಾ, ಬಲಪುಟದಲ್ಲಿ ಖರ್ಚು. ಹೀಗೆ ಬರೆಯಬೇಕೆಂದು ನಾನು ಹೇಳಿಕೊಟ್ಟದ್ದಲ್ಲ, ಅವಳ ತಂದೆ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು, ಅವರಿಂದ ಕಲಿತದ್ದು. 15 ಪೈಸೆಯ ಅಂಚೆ ಕಾರ್ಡು ತಂದರೂ ಸಾಲು ಬಿದ್ದಿದೆ. ಪೋಸ್ಟಾಫೀಸಿಗೆ ಕಟ್ಟಿದ ರೇಡಿಯೊ ಲೈಸೆನ್ಸಿನ ಹಣ, ನನ್ನ ಸೈಕಲ್ಲಿಗೆ ಪುರಸಭೆಯವರು ಕೊಡುತ್ತಿದ್ದ ಬಿಲ್ಲೆ, ಸ್ಟವ್ವಿನ ಬತ್ತಿ, ಸಾಗರದಲ್ಲಿದ್ದಾಗ ಉಪ್ಪಿನಕಾಯಿಗೆಂದು ಕೊಂಡ ಅಪ್ಪೆಮಿಡಿ. ಊರಿಗೆ ನನ್ನ ತಾಯಿಗೆ ಕಳಿಸುತ್ತಿದ್ದ ಮನಿಯಾರ್ಡರ್ ಒಂದು ಸಾಲು, ಅದರ ಕಮಿಷನ್ ಕೆಳಗೆ ಇನ್ನೊಂದು ಸಾಲು. ಸಂಜೆ ಪಿಗ್ಮಿಯವನು ಬಂದು ಹೋದ ದಿನ 'ಪಿಗ್ಮಿ 1' ಎಂದಿದೆ. ಪಿಗ್ಮಿ ಹುಟ್ಟಿದ್ದು ನಮ್ಮ ಕರಾವಳಿಯಲ್ಲೇ, 1928ರಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೇ ಹೋಗಿ ಸಂಗ್ರಹಿಸಿತು. ನಾವು ಬ್ಯಾಂಕಿನವರು ಇದನ್ನೆಲ್ಲ ಪರೀಕ್ಷೆಗೆ ಓದುತ್ತಿದ್ದೆವು. ಅದರ ಅರ್ಥ ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು.

ಇನ್ನೊಂದು ವಿಷಯ ಹೇಳಬೇಕು. ಆಗ ಉಳಿತಾಯ ಖಾತೆಯ ಬಡ್ಡಿಯನ್ನು ಈಗಿನಂತೆ ದಿನದ ಲೆಕ್ಕದಲ್ಲಿ ಕೊಡುತ್ತಿರಲಿಲ್ಲ. ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟು ಹಣ ಇತ್ತೋ ಅಷ್ಟಕ್ಕೆ ಮಾತ್ರ ಆ ತಿಂಗಳ ಬಡ್ಡಿ. ದಿನದ ಲೆಕ್ಕ ಬಂದದ್ದು 2010ರ ಏಪ್ರಿಲ್ 1ರಿಂದ. ನಾವು ಗುಮಾಸ್ತರು ಲೆಡ್ಜರಿನ ಒಂದೊಂದು ಪುಟ ತಿರುಗಿಸಿ, ಪ್ರತಿ ತಿಂಗಳ ಆ ಕನಿಷ್ಠ ಮೊತ್ತವನ್ನು, ನಮ್ಮ ಭಾಷೆಯಲ್ಲಿ 'ಪ್ರಾಡಕ್ಟ್', ತೆಗೆದು ಕೂಡುತ್ತಿದ್ದೆವು. ಈ ನಿಯಮವನ್ನು ಯಾವಾಗಲೋ ಊಟದ ಹೊತ್ತಿನಲ್ಲಿ ಹೇಳಿದ್ದೆ. ಅವಳ ಪುಸ್ತಕದಲ್ಲಿ ಮುಂದಿನ ತಿಂಗಳಿನಿಂದಲೇ ಮೇಲ್ತುದಿಯಲ್ಲಿ 'ಹತ್ತರೊಳಗೆ ಬ್ಯಾಂಕಿಗೆ' ಎಂದು ಕಾಣಿಸುತ್ತದೆ. ದಿನಸಿಯನ್ನೆಲ್ಲ ತಿಂಗಳ ಮೊದಲ ವಾರದಲ್ಲೇ ತಂದು, ಉಳಿದದ್ದನ್ನು 10ರೊಳಗೆ ಖಾತೆಗೆ ಹಾಕಿ, ತಿಂಗಳ ಕೊನೆಯ ತನಕ ಮುಟ್ಟದೆ ಇರುವುದು. ಬರುತ್ತಿದ್ದ ಬಡ್ಡಿ ಏನೂ ದೊಡ್ಡದಲ್ಲ. ಆದರೂ ಆ ಶಿಸ್ತನ್ನು ನೋಡಿದರೆ ಇವತ್ತಿಗೂ ಗೌರವ ಹುಟ್ಟುತ್ತದೆ.

ಆಗ ಬ್ಯಾಂಕಿನ ವರ್ಷ ಮುಗಿಯುತ್ತಿದ್ದದ್ದು ಡಿಸೆಂಬರ್ 31ಕ್ಕೆ. ಕ್ಲೋಸಿಂಗ್ ದಿನ ನಾವು ಲೆಕ್ಕ ಹೊಂದುವ ತನಕ ಶಾಖೆಯಲ್ಲೇ ಇರುತ್ತಿದ್ದೆವು. ಎಷ್ಟೋ ಸಲ ಒಂದು ರೂಪಾಯಿಯ ವ್ಯತ್ಯಾಸಕ್ಕೆ ರಾತ್ರಿಯೆಲ್ಲ ಹುಡುಕಾಟ. ಬೆಳಗಿನ ಜಾವ ಮನೆಗೆ ಬಂದರೆ ಇಲ್ಲಿ ಇವಳ ವರ್ಷದ ಮೊತ್ತವೂ ಬರೆದಾಗಿರುತ್ತಿತ್ತು.

ನನ್ನ ದುಡಿಮೆಗೆ ದಾಖಲೆ ಬೇಕಾದಷ್ಟಿದೆ. ನೇಮಕಾತಿ ಆದೇಶ, ವರ್ಗಾವಣೆ ಆದೇಶಗಳು, ಸಂಬಳದ ಚೀಟಿ, ಪಿಂಚಣಿ ಕಾಗದ. ಪ್ರತಿ ನವೆಂಬರಿನಲ್ಲಿ ಜೀವನ ಪ್ರಮಾಣ ಪತ್ರ ಕೊಟ್ಟರೆ ಬ್ಯಾಂಕು ನನ್ನನ್ನು ಮತ್ತೊಂದು ವರ್ಷ ನೆನಪಿಟ್ಟುಕೊಳ್ಳುತ್ತದೆ. ಅವಳು ನಡೆಸಿದ ಸಂಸಾರಕ್ಕೆ ಸರ್ವಿಸ್ ರಿಜಿಸ್ಟರ್ ಎಂದರೆ ಈ ಟ್ರಂಕು. ಸಾಗರದಲ್ಲಿದ್ದಾಗ ಅವಳು ಅಕ್ಕಪಕ್ಕದವರ ಸೀರೆಗಳಿಗೆ ಫಾಲ್ಸ್ ಹಚ್ಚಿಕೊಡಲು ಶುರು ಮಾಡಿದಳು. ಆ ಹಣ ಎಡಪುಟದಲ್ಲಿ, ನನ್ನ ಸಂಬಳದ ಕೆಳಗೆ, 'ನನ್ನದು' ಎಂಬ ಹೆಸರಿನಲ್ಲಿ ಜಮೆಯಾಗಿದೆ. ಅವಳು ದುಡಿದಳು ಎಂಬುದಕ್ಕೆ ಬೇರೆ ಯಾವ ಕಾಗದವೂ ಈ ಲೋಕದಲ್ಲಿಲ್ಲ.

ನಿಮ್ಮ ಮನೆಗಳಲ್ಲಿ ಇಂಥ ಪುಸ್ತಕಗಳಿದ್ದವೇ? ಏನು ಮಾಡಿದಿರಿ? ಇಟ್ಟುಕೊಂಡವರು ಹೇಗೆ ಇಟ್ಟುಕೊಂಡಿದ್ದೀರಿ?

ಟ್ರಂಕ್ ಎಕ್ಸ್‌ಚೇಂಜ್, ಮೈಸೂರು

ಸರ್, ನಿಮ್ಮ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕಾದವರು ನಿಮ್ಮ ಮನೆಯವರು. ಪುಸ್ತಕ ಅವರದು. ಬೇಡ ಅಂತ ಅವರು ಏಕೆ ಹೇಳುತ್ತಿದ್ದಾರೆ ಎಂದು ಕೂತು ಕೇಳಿ. ಒಂದೇ ಮಾತಿನಲ್ಲಿ ಹೇಳುವುದಿಲ್ಲ, ಸಮಯ ಕೊಡಿ.

ನಾನು ಟೆಲಿಫೋನ್ ಆಪರೇಟರ್ ಆಗಿದ್ದೆ. ನೇರವಾಗಿ ನಂಬರ್ ತಿರುಗಿಸಿ ಮಾತಾಡುವ ಎಸ್.ಟಿ.ಡಿ. ಎಲ್ಲ ಊರಿಗೂ ಬರುವ ಮೊದಲು ಹೊರಊರಿಗೆ ಮಾತಾಡಬೇಕಾದರೆ ನಮ್ಮಲ್ಲಿ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತಲ್ಲ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಅರ್ಜೆಂಟಿಗೆ ಎರಡು ಪಟ್ಟು, ಲೈಟ್ನಿಂಗಿಗೆ ಎಂಟು ಪಟ್ಟು ದರ. ಪ್ರತಿ ಕರೆಗೂ ಒಂದು ಟಿಕೆಟ್ ಬರೆದು ಸಮಯ ಗುರುತು ಹಾಕಬೇಕು. ಮೂರು ನಿಮಿಷ ಆದ ಕೂಡಲೇ ಮಧ್ಯೆ ಬಂದು 'ತ್ರೀ ಮಿನಿಟ್ಸ್' ಅನ್ನಬೇಕು. ಸಾವಿನ ಸುದ್ದಿ ಹೇಳುತ್ತಿರುವವರ ಮಾತಿನ ನಡುವೆಯೂ ಅನ್ನಬೇಕಾಗುತ್ತಿತ್ತು. ಆ ಕಷ್ಟ ನನಗೆ ಈಗಲೂ ಇದೆ.

ಸಂಬಳದ ದಿನ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿ ಕವರ್ ತೆಗೆದುಕೊಳ್ಳುವುದು. ಆ ಕವರ್ ಒಡೆಯದೆ ಮನೆಗೆ ತಂದು ಅತ್ತೆಯವರ ಕೈಗೆ ಕೊಡುವುದು. ಅವರು ಅದರಿಂದ ನನ್ನ ಬಸ್ಸಿನ ಪಾಸಿಗೆ, ಕ್ಯಾಂಟೀನಿಗೆ ಅಂತ ಎಣಿಸಿ ವಾಪಸ್ ಕೊಡುತ್ತಿದ್ದರು. ಅತ್ತೆಯವರು ಕೆಟ್ಟವರಲ್ಲ, ನನ್ನ ಮಕ್ಕಳನ್ನು ಸಾಕಿದವರೇ ಅವರು. ಅವರಿಲ್ಲದಿದ್ದರೆ ನಾನು ನೈಟ್ ಡ್ಯೂಟಿ ಮಾಡುವ ಮಾತೇ ಇರಲಿಲ್ಲ. ಆದರೆ ನಮ್ಮ ಮನೆಯ ಖರ್ಚಿನ ಪುಸ್ತಕದಲ್ಲಿ ನನ್ನ ಸಂಬಳ ಅವರ ಮಗನ, ಅಂದರೆ ನನ್ನ ಯಜಮಾನರ, ಸಂಬಳದೊಳಗೇ ಸೇರಿ ಒಂದೇ ಮೊತ್ತವಾಗಿ ಜಮೆ ಆಗುತ್ತಿತ್ತು. ನನ್ನ ಹೆಸರು ಎಲ್ಲೂ ಇಲ್ಲ. ಅದಕ್ಕೇ ನಿಮ್ಮ ಮನೆಯವರು ಬರೆದ 'ನನ್ನದು' ಅನ್ನುವುದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನೈಟ್ ಡ್ಯೂಟಿಯ ಭತ್ಯೆಯನ್ನು ಮಾತ್ರ ನಾನು ಕವರಿನಿಂದ ಬೇರೆ ಇಟ್ಟು ಪೋಸ್ಟಾಫೀಸಿನಲ್ಲಿ ಐದು ವರ್ಷದ ಆರ್.ಡಿ., ಅಂದರೆ ತಿಂಗಳು ತಿಂಗಳು ಹಾಕುವ ಠೇವಣಿ, ಕಟ್ಟುತ್ತಿದ್ದೆ. ಅತ್ತೆಯವರಿಗೆ ಹೇಳಿಯೇ ಕಟ್ಟಿದ್ದು. ಅವರು ಬೇಡ ಅನ್ನಲಿಲ್ಲ. ಆ ಪಾಸ್‌ಬುಕ್ಕು ಇವತ್ತಿಗೂ ನನ್ನ ಬೀರುವಿನಲ್ಲಿದೆ, ಖಾತೆ ಮುಚ್ಚಿ ಎಷ್ಟೋ ಕಾಲವಾದರೂ. ಮಗಳ ಇಂಜಿನಿಯರಿಂಗ್ ಫೀಸಿಗೆ ಅದೇ ಆಯಿತು.

ನನ್ನ ಅಭಿಪ್ರಾಯ ಕೇಳಿದರೆ 'ನನ್ನದು' ಶುರುವಾದ ಪುಸ್ತಕವನ್ನಾದರೂ ಕೊಡಬೇಡಿ. ಅದು ನಿಮ್ಮ ಮೊಮ್ಮಕ್ಕಳ ಕೈಗೆ ಸಿಗಬೇಕು.

ಸೆಕೆಂಡ್ ಶಿಫ್ಟ್, ಬೆಂಗಳೂರು

ಸಾರ್, ನಮ್ಮನೇಲಿ ಇಂಥ ಪುಸ್ತಕ ಇರ್ಲಿಲ್ಲ. ಇದ್ದದ್ದು ಮೂಲೆ ಶೆಟ್ರ ಅಂಗಡಿ ಉದ್ರಿ ಪುಸ್ತಕ. ಕೆಂಪು ಬಟ್ಟೆ ರಟ್ಟಿನದು ಅವರ ಹತ್ರ, ಸಣ್ಣದೊಂದು ನಮ್ಮ ಹತ್ರ. ಸಾಮಾನು ತರೋಕೆ ಹೋದ್ರೆ ಎರಡರಲ್ಲೂ ಬರೀಬೇಕು. ಸಂಬಳ ಬಂದ ದಿನ ಶೆಟ್ರು ಅಡ್ಡಗೆರೆ ಎಳೆದು 'ಚುಕ್ತ' ಅಂತ ಬರೀತಿದ್ರು. ಚುಕ್ತ ಆಗದ ತಿಂಗಳು ಬಾಕಿ ಮುಂದಿನ ಪುಟಕ್ಕೆ.

ನಾನು ಬೆಂಗಳೂರಿನ ಒಂದು ಪಬ್ಲಿಕ್ ಸೆಕ್ಟರ್ ಫ್ಯಾಕ್ಟ್ರೀಲಿ ಟರ್ನರ್. ಮಾಗಡಿ ಕಡೆಯಿಂದ ಬಂದವನು, ಐ.ಟಿ.ಐ. ಮಾಡಿ ಅಪ್ರೆಂಟಿಸ್ ಆಗಿ ಸೇರಿದೆ. ಎಚ್.ಎ.ಎಲ್., ಟೆಲಿಫೋನ್ ಮಾಡೋ ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್., ಬಿ.ಇ.ಎಂ.ಎಲ್. ಅಂದ್ರೆ ಆಗ ಊರಲ್ಲಿ ಹೆಣ್ಣು ಕೊಡೋರು ಇನ್ನೊಂದು ಮಾತು ಕೇಳ್ತಿರ್ಲಿಲ್ಲ. ಫ್ಯಾಕ್ಟ್ರಿ ಬಸ್ಸು, ಕ್ಯಾಂಟೀನು, ಆಸ್ಪತ್ರೆ ಎಲ್ಲ ಇತ್ತು.

1980ರ ಡಿಸೆಂಬರಿನಲ್ಲಿ ಈ ಎಲ್ಲಾ ಫ್ಯಾಕ್ಟ್ರಿಯವರೂ ಒಟ್ಟಿಗೆ ಮುಷ್ಕರ ಮಾಡಿದ್ದು ನಿಮಗೆ ನೆನಪಿರಬಹುದು. ಮುಂದಿನ ವರ್ಷ ಮಾರ್ಚಿನವರೆಗೂ ಎಳೀತು. ಅಷ್ಟು ದಿನ ಸಂಬಳ ಇಲ್ಲ. ನನ್ನ ಹಿರೀಮಗ ಆಗ ಕೈಗೂಸು. ಹಾಲಿನೋನು ಒಂದೊಂದು ಪಾವು ಕಮ್ಮಿ ಮಾಡ್ಲಾ ಅಂತ ಕೇಳಿದ. ಆದ್ರೆ ಶೆಟ್ರು ಒಂದು ದಿನಾನೂ ಪುಸ್ತಕ ಮುಚ್ಚಲಿಲ್ಲ. ಅಕ್ಕಿ, ಬೇಳೆ, ಎಣ್ಣೆ, ಬರೀತಾನೇ ಹೋದ್ರು. ನಮ್ಮ ಬೀದೀಲಿ ನನ್ನಂಥೋರು ಇನ್ನೂ ಎಷ್ಟು ಮನೆ ಇತ್ತೋ, ಎಲ್ರಿಗೂ ಕೊಟ್ರು. ಅವರಿಗೆ ಮಂಡಿಯೋರು ಸುಮ್ನೆ ಬಿಟ್ಟಿರ್ತಾರಾ? ಅವರು ಯಾರ ಹತ್ರ ಸಾಲ ಮಾಡಿ ನಮಗೆ ಉದ್ರಿ ಕೊಟ್ರು ಅನ್ನೋದು ನಮಗೆ ಯಾವತ್ತೂ ಹೇಳಲಿಲ್ಲ. ಮುಷ್ಕರ ಮುಗಿದ ಮೇಲೆ ಆ ಬಾಕಿ ತೀರಿಸೋಕೆ ವರ್ಷ ಮೀರಿ ಹಿಡೀತು. ಬಡ್ಡಿ ಅಂತ ಒಂದು ಪೈಸೆ ಹಾಕಲಿಲ್ಲ ಆ ಮಹಾನುಭಾವ. ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಶಾಪ್ ಇದೆ. ಅಲ್ಲಿ ಹಾದು ಹೋದಾಗಲೆಲ್ಲ ನಾನು ಕೈ ಮುಗೀತೀನಿ.

ನಮ್ಮ ಪಿಂಚಣಿ ವಿಷಯ ಬ್ಯಾಂಕಿನೋರಿಗೆ ಗೊತ್ತಿರಲಿ ಅಂತ ಹೇಳ್ತೀನಿ. ನಮಗೆ ಸಿಗೋದು ಇ.ಪಿ.ಎಸ್. 95, ಅಂದ್ರೆ ಪಿ.ಎಫ್. ಕಡೆಯಿಂದ ಬರೋ ಪಿಂಚಣಿ. ಕೊನೇ ಸಂಬಳ ಎಷ್ಟೇ ಇರ್ಲಿ, ನಾನು ರಿಟೈರ್ ಆದಾಗ ಲೆಕ್ಕಕ್ಕೆ ಹಿಡೀತಿದ್ದದ್ದು 6,500 ರೂಪಾಯಿ. ಅದನ್ನ ಸರ್ವಿಸ್ ವರ್ಷದಿಂದ ಗುಣಿಸಿ 70ರಿಂದ ಭಾಗಿಸ್ತಾರೆ. 2014ರ ಸೆಪ್ಟೆಂಬರಿಂದ ಆ ಮಿತಿ 15,000 ಆಯ್ತು, ಅಷ್ಟರಲ್ಲಿ ನಾನು ಹೊರಗೆ ಬಂದಿದ್ದೆ. ಇದಕ್ಕೆ ಡಿ.ಎ., ಅಂದ್ರೆ ತುಟ್ಟಿಭತ್ಯೆ, ಸೇರಲ್ಲ. ಅವತ್ತು ಗೊತ್ತಾದ ಮೊತ್ತವೇ ಇವತ್ತೂ. ಔಷಧಿ ಅಂಗಡಿಗೆ ಒಂದು ಸಲ ಹೋಗಿ ಬಂದ್ರೆ ಮುಗೀತು. ಪಿ.ಎಫ್. ಹಣದಲ್ಲಿ ಕಟ್ಟಿದ ಮೇಲಿನ ಮನೆ ಬಾಡಿಗೆ ಇರೋದ್ರಿಂದ ನಡೀತಿದೆ. ಹೊಸದಾಗಿ ರಿಟೈರ್ ಆಗೋರಿಗೆ ಒಂದು ಮಾತು: ನಮ್ಮ ಲೈಫ್ ಸರ್ಟಿಫಿಕೇಟಿಗೆ ನವೆಂಬರೇ ಆಗ್ಬೇಕು ಅಂತಿಲ್ಲ, ಕೊಟ್ಟ ದಿನದಿಂದ ಒಂದು ವರ್ಷ ನಡೆಯತ್ತೆ. ರಶ್ ಇಲ್ಲದ ತಿಂಗಳಲ್ಲಿ ಕೊಡಿ.

ಅಕ್ಕಾವ್ರ ಪುಸ್ತಕ ಇಟ್ಕೊಳಿ ಸಾರ್. ನಮ್ಮ ಉದ್ರಿ ಪುಸ್ತಕ ನಾನು ಇಟ್ಟಿದ್ದೀನಿ. ಶೆಟ್ರ ಅಕ್ಷರ ಅದರಲ್ಲಿದೆ.

ವೇ ಬಿಲ್, ಹಾಸನ

ನಾನು ಕೆ.ಎಸ್.ಆರ್.ಟಿ.ಸಿ. ಕಂಡಕ್ಟರ್. ದಿನಾ ರಾತ್ರಿ ಡಿಪೋದಲ್ಲಿ ವೇ ಬಿಲ್, ಅಂದರೆ ಟಿಕೆಟ್ ಲೆಕ್ಕದ ಹಾಳೆ, ತುಂಬಿ, ಟಿಕೆಟ್ ನಂಬರ್ ತಾಳೆ ನೋಡಿ, ಚಿಲ್ಲರೆ ಕಟ್ಟಿ ಬಂದವನಿಗೆ ಮನೆಯಲ್ಲೂ ಲೆಕ್ಕ ಬರೆಯುವ ಶಕ್ತಿ ಇರಲಿಲ್ಲ. ಇದ್ದ ಕೆಲವು ಪುಸ್ತಕವನ್ನು ಮನೆ ಬದಲಿಸುವಾಗ ರದ್ದಿಯವನಿಗೆ ಕೊಟ್ಟೆವು. ಯಾವ ಬೇಸರವೂ ಇಲ್ಲ. ನಿಮ್ಮ ಮನೆಯವರಿಗೆ ಬೇಡ ಅನಿಸಿದರೆ ಅವರ ಮಾತು ನಡೆಯಲಿ ಎಂದು ನನ್ನ ಅನಿಸಿಕೆ. ಕಷ್ಟದ ದಿನಗಳನ್ನು ಜೋಪಾನ ಮಾಡಬೇಕೆಂಬ ಕಡ್ಡಾಯ ಯಾರ ಮೇಲೂ ಇಲ್ಲ.

ಗಣಿತ ಮಾಸ್ತರ, ಧಾರವಾಡ

ಸರ, ಅಕ್ಕಾರಿಗೆ ನನ್ನ ನಮಸ್ಕಾರ ಹೇಳ್ರಿ. ಒಗಿಬ್ಯಾಡ್ರಿ ಅಂತ ನಾ ಕೈಮುಗಿದು ಕೇಳ್ತೀನಿ.

ನಾ ಹೈಸ್ಕೂಲಿನ್ಯಾಗ ಗಣಿತ ಕಲಿಸ್ದಾವ. ಶೇಕಡಾವಾರು, ಸರಾಸರಿ, ಚಕ್ರಬಡ್ಡಿ ಕಲಿಸೋ ಮುಂದ ಪುಸ್ತಕದಾಗಿನ ಲೆಕ್ಕ ಬಿಟ್ಟು ನಮ್ಮ ಮನಿ ಖರ್ಚಿನ ವಹಿ ಒಯ್ತಿದ್ದೆ. ಎರಡು ವರ್ಷದ ಜ್ವಾಳದ ದರಾ ಬೋರ್ಡಿನ ಮ್ಯಾಲ ಬರದು, ಎಷ್ಟು ಶೇಕಡಾ ಏರೇತಿ ಹೇಳ್ರಿ ಅಂದ್ರ ಹಿಂದಿನ ಬೆಂಚಿನ ಹುಡುಗೂರೂ ಕೈ ಎತ್ತತಿದ್ರು. ಅವರ ಮನಿಯೊಳಗೂ ಅದ ಮಾತು ನಡೀತಿರ್ತದಲ್ಲ. ನಿಮ್ಮ ಅಕ್ಕಾರ ಪುಸ್ತಕದಾಗ ಅಂಚೆ ಕಾರ್ಡು 15 ಪೈಸೆ ಐತಿ ಅಂದ್ರಿ, ಈಗ ಕಾರ್ಡಿಗೆ 50 ಪೈಸೆ. ಅದ ಪುಸ್ತಕದಾಗಿನ ಅಕ್ಕಿ, ಎಣ್ಣಿ, ಬಸ್ ಚಾರ್ಜು ಎಷ್ಟು ಪಟ್ಟು ಏರ್ಯಾವ ಅಂತ ಜೋಡಿಸಿ ನೋಡ್ರಿ. ಯಾವುದನ್ನ ಸರ್ಕಾರ ತಡದು ಹಿಡದೇತಿ, ಯಾವುದನ್ನ ಬಿಟ್ಟೇತಿ ಅನ್ನೋದು ಒಂದು ಪುಟದಾಗ ಕಾಣ್ತದ. ಇತಿಹಾಸ, ಅರ್ಥಶಾಸ್ತ್ರ ಓದೋ ಹುಡುಗರಿಗೆ ಇಂಥ ವಹಿ ಅಂದ್ರ ಬಂಗಾರ. ಒಂದ ಮನಿ, ಒಂದ ಕೈ, ಇಷ್ಟು ವರ್ಷ ಬಿಡದ ಬರದದ್ದು ಎಲ್ಲಿ ಸಿಗಬೇಕ್ರೀ?

ನಮ್ಮ ಸಂಬಳದ ಮುರುವಳಿಗೂ ಒಂದು ಕತಿ ಇತ್ತು. ಸೇರಿದ ಕೂಡಲೇ ಸರ್ಕಾರಿ ನೌಕರರ ವಿಮಾ, ಕೆ.ಜಿ.ಐ.ಡಿ. ಪಾಲಿಸಿ ಕಡ್ಡಾಯ. ಅದು ಮೈಸೂರು ಮಹಾರಾಜರ ಕಾಲದಾಗ, 1891ರಾಗ ಶುರುವಾದ ವಿಮಾ. ನಾವು ಧಾರವಾಡದವ್ರು ಮುಂಬೈ ಪ್ರಾಂತ್ಯದಾಗ ಇದ್ದವ್ರು, 1956ರ ಏಕೀಕರಣ ಆದಮ್ಯಾಲ ನಮ್ಮ ಹಿರ್ಯಾರಿಗೂ ಈ ಮೈಸೂರಿನ ಪದ್ಧತಿ ಬಂತು. ಆಮ್ಯಾಲ ಹಬ್ಬದ ಮುಂಗಡ. ದೀಪಾವಳಿಗೆ ತಗೊಂಡ್ರ ಕಂತಿನ್ಯಾಗ ಮುರೀತಿದ್ರು, ಅದು ತೀರೋದ್ರಾಗ ಮುಂದಿನ ದೀಪಾವಳಿ ಬಂದಿರ್ತಿತ್ತು. ಮಕ್ಕಳ ಹೊಸಾ ಅಂಗಿ ಎಲ್ಲಾ ಆ ಮುಂಗಡದಾಗ ಆದವು.

ಇಡೋದು ಹೆಂಗ ಅಂತ ಕೇಳೀರಿ. ಮೊದಲ ಗುಂಡುಪಿನ್ನು, ಸ್ಟೇಪಲ್ ಪಿನ್ನು ಎಲ್ಲಾ ತಗೀರಿ, ಜಂಗ್ ಹಿಡದು ಕಾಗದ ತಿಂತಾವ. ಲ್ಯಾಮಿನೇಶನ್ ಮಾತ್ರ ಮಾಡಿಸಬ್ಯಾಡ್ರಿ, ಒಂದ್ಸಲ ಮಾಡಿಸಿದ್ರ ಬಿಚ್ಚಾಕ ಬರೂದಿಲ್ಲ. ಬಿಸಿಲಿಗೆ ಹಚ್ಚಬ್ಯಾಡ್ರಿ, ಶಾಯಿ ಮಾಸ್ತದ. ಬೆಳಿಗ್ಗೆ ಕಿಟಕಿ ಬೆಳಕಿನ್ಯಾಗ ಒಂದೊಂದ ಪುಟದ ಫೋಟೋ ಮೊಬೈಲಿನ್ಯಾಗ ತಗೀರಿ, ಮ್ಯಾಲಿನಿಂದ ನೆಟ್ಟಗ ಹಿಡದು. ವರ್ಷದ ಹೆಸರಿನ ಫೋಲ್ಡರ್ ಮಾಡಿ ಮಗಳ ಕಂಪ್ಯೂಟರಿನ್ಯಾಗೂ ಒಂದು ಪ್ರತಿ ಇಡ್ರಿ. ಫೋಟೋ ಆದಮ್ಯಾಲ ಯಾವ ಪುಸ್ತಕ ಇಟ್ಟುಕೊಬೇಕು ಅನ್ನೋದು ಹಗುರ ಆಗ್ತದ.

ನಾ ಇವತ್ತಿಗೂ ರಾತ್ರಿ ಊಟ ಆದಮ್ಯಾಲ ವಹಿ ಬರೀತೀನಿ. ಫೋನಿನ್ಯಾಗ ಕೊಟ್ಟ ರೊಕ್ಕನೂ ಬರೀತೀನಿ.

ಮಗಳು, ಉಡುಪಿ

ನಾನು ನಿವೃತ್ತಳಲ್ಲ. ಅಮ್ಮ ತೀರಿಕೊಂಡ ಮೇಲೆ ಅವರ ಖರ್ಚಿನ ಪುಸ್ತಕಗಳು ನನ್ನ ಪಾಲಿಗೆ ಬಂದವು, ಅದಕ್ಕೆ ಬರೆಯುತ್ತಿದ್ದೇನೆ ಅಂಕಲ್. ಇಟ್ಟುಕೊಳ್ಳುವುದೋ ಬಿಡುವುದೋ ಆಮೇಲಿನ ಮಾತು, ದಯವಿಟ್ಟು ಮೊದಲು ಒಂದು ಸಲ ಪೂರ್ತಿ ಓದಿ.

ಅಮ್ಮನ ಒಂದು ಪುಸ್ತಕದಲ್ಲಿ 'ವಿಜಯಾ ಬ್ಯಾಂಕ್ ಎಫ್.ಡಿ.' ಎಂದು ಒಂದೇ ಒಂದು ಸಾಲು ಇತ್ತು. ರಸೀದಿ ಮನೆಯಲ್ಲಿ ಎಲ್ಲೂ ಇರಲಿಲ್ಲ. ಆ ಹೆಸರಿನ ಬ್ಯಾಂಕೇ ಈಗ ಇಲ್ಲ, 2019ರ ಏಪ್ರಿಲ್ 1ರಿಂದ ಅದು ಬ್ಯಾಂಕ್ ಆಫ್ ಬರೋಡಾ. ನಮ್ಮ ಕಡೆಯ ಹಳೇ ಪುಸ್ತಕಗಳಲ್ಲಿ ಬರುವ ಹೆಸರುಗಳೆಲ್ಲ ಹೀಗೇ ಬದಲಾಗಿವೆ: ಸಿಂಡಿಕೇಟ್ ಈಗ ಕೆನರಾ, ಕಾರ್ಪೊರೇಷನ್ ಈಗ ಯೂನಿಯನ್ ಬ್ಯಾಂಕ್, ಎರಡೂ 2020ರ ಏಪ್ರಿಲಿನಲ್ಲಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲೇ ಎಸ್.ಬಿ.ಐ. ಜೊತೆ ಸೇರಿತು. ಅಂಕಲ್‌ಗೆ ಇದೆಲ್ಲ ಗೊತ್ತೇ ಇದೆ, ಬೇರೆ ಓದುಗರಿಗಾಗಿ ಬರೆದೆ.

ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸಿಬಿಡುತ್ತವೆ. ಹಾಗೆಂದು ಹಣ ಹೋಯಿತು ಎಂದಲ್ಲ, ವಾರಸುದಾರರು ಬ್ಯಾಂಕಿಗೆ ಹೋಗಿ ಕೇಳಿದರೆ ಬರುತ್ತದೆ. 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು 'ಉದ್ಗಮ್' ಎಂಬ ಜಾಲತಾಣ ತೆರೆಯಿತು. ಅದರಲ್ಲಿ ಹೆಸರು, ಪ್ಯಾನ್ ಅಥವಾ ಹುಟ್ಟಿದ ದಿನಾಂಕ ಹಾಕಿ ಹುಡುಕಬಹುದು. ಅಮ್ಮನ ಹೆಸರನ್ನು ಬೇರೆ ಬೇರೆ ಸ್ಪೆಲ್ಲಿಂಗಿನಲ್ಲಿ ಹಾಕಿ ನೋಡಿದೆ, ತವರಿನ ಇನಿಷಿಯಲ್ ಹಾಕಿದಾಗ ಸಿಕ್ಕಿತು. ಮರಣ ಪ್ರಮಾಣಪತ್ರ, ಅಣ್ಣನ ಒಪ್ಪಿಗೆ ಎಲ್ಲ ಕೊಟ್ಟ ಮೇಲೆ ಹಣ ಬಂತು. ಅದನ್ನು ಇಬ್ಬರೂ ಸೇರಿ ಅಮ್ಮ ಓದಿದ ಶಾಲೆಗೆ ಕೊಟ್ಟೆವು. ಶೇರುಗಳದ್ದಾದರೆ ಬೇರೆ ದಾರಿ: ಏಳು ವರ್ಷ ಡಿವಿಡೆಂಡ್ ತೆಗೆದುಕೊಳ್ಳದೇ ಇದ್ದರೆ ಐ.ಇ.ಪಿ.ಎಫ್. ಎಂಬ ಹೂಡಿಕೆದಾರರ ಸರ್ಕಾರಿ ನಿಧಿಗೆ ಹೋಗಿರುತ್ತದೆ, ಅಲ್ಲಿ ಅರ್ಜಿ ಹಾಕಬೇಕು.

ಆಂಟಿಯ ಪುಸ್ತಕದಲ್ಲಿ ಕಿಸಾನ್ ವಿಕಾಸ ಪತ್ರ, ಎನ್.ಎಸ್.ಸಿ., ಪಿಗ್ಮಿ, ಸೊಸೈಟಿ ಶೇರು ಎಂದು ಎಲ್ಲಿ ಕಂಡರೂ ಒಂದು ಹಾಳೆಗೆ ಇಳಿಸಿಕೊಳ್ಳಿ. ನಗದಾಗಿದ್ದರೆ ಮುಂದೆ ಯಾವುದೋ ವರ್ಷದ ಜಮಾ ಪುಟದಲ್ಲಿ ಕಾಣಲೇಬೇಕಲ್ಲ. ಕಾಣದಿದ್ದದ್ದನ್ನು ಹುಡುಕಿ. ಹಾಗೇ ಈಗಿರುವ ಖಾತೆಗಳ ನಾಮಿನಿಯನ್ನೂ ನೋಡಿಬಿಡಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು.

ಹಳೇ ಲೆಡ್ಜರ್, ಶಿವಮೊಗ್ಗ

ಎಲ್ಲರಿಗೂ ಕೃತಜ್ಞತೆಗಳು. ಮೈಸೂರಿನ ತಾಯಿ ಹೇಳಿದಂತೆ ಕೂತು ಕೇಳಿದೆ. ನಿಮ್ಮ ಉತ್ತರಗಳನ್ನೆಲ್ಲ ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಹಾಸನದವರ ಮಾತಿಗೆ 'ಇವರಿಗೆ ಅರ್ಥವಾಗಿದೆ' ಎಂದಳು. ಆಮೇಲೆ ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ, ಬರೆಯಿರಿ ಎಂದು ಅವಳೇ ಹೇಳಿದಳು.

'ಲೆಕ್ಕ ಕೊಡು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ತಿಂಗಳ ಕೊನೆಗೆ ಎಷ್ಟು ದಿನ ಉಳಿದಿದೆ, ಕೈಯಲ್ಲಿ ಎಷ್ಟಿದೆ ಎಂದು ನನಗೇ ಗೊತ್ತಿರಬೇಕಿತ್ತು. ಗೊತ್ತಿದ್ದರೆ ರಾತ್ರಿ ನಿದ್ದೆ ಬರುತ್ತಿತ್ತು, ಅದಕ್ಕೆ ಬರೆದೆ. ಇವರು ಅದನ್ನು ಶಿಸ್ತು ಎನ್ನುತ್ತಾರೆ, ನನಗೆ ಅದು ಧೈರ್ಯಕ್ಕೆ ಬೇಕಾಗಿತ್ತು. ಮಗನಿಗೆ ಹುಷಾರಿಲ್ಲದೆ ಮಣಿಪಾಲಕ್ಕೆ ಓಡಾಡಿದ ವರ್ಷದ ಪುಸ್ತಕ ಇದೆ. ಅದರಲ್ಲಿ ಬಸ್ ಚಾರ್ಜು, ಔಷಧಿ, ಬಸ್ ಚಾರ್ಜು, ಔಷಧಿ, ಇಷ್ಟೇ. ಬಳೆ ಅಡವಿಟ್ಟದ್ದು ಜಮಾ ಪುಟದಲ್ಲಿದೆ. ಅದನ್ನು ಫೋಟೋ ತೆಗೆಯುವುದೂ ಬೇಡ, ಯಾರೂ ಓದುವುದೂ ಬೇಡ. ಅವನು ಈಗ ಆರೋಗ್ಯವಾಗಿದ್ದಾನೆ, ಅವನಿಗೆ ಅದು ಗೊತ್ತಾಗುವ ಅಗತ್ಯವಿಲ್ಲ. ಫಾಲ್ಸ್ ಹಚ್ಚಿದ ವರ್ಷಗಳದ್ದು ಇರಲಿ. ಮನೆ ಸಾಲ ತೀರಿದ ವರ್ಷದ್ದೂ ಇರಲಿ. ಬೆಂಗಳೂರಿನ ಅಣ್ಣನವರ ಅಂಗಡಿ ಶೆಟ್ಟರಂಥವರು ನಮಗೆ ಹಿರಿಯೂರಿನಲ್ಲಿ ಇದ್ದರು. ಅವರ ಹೆಸರು ನನ್ನ ಪುಸ್ತಕದಲ್ಲಿದೆ, ಆದ್ದರಿಂದ ಆ ಪುಸ್ತಕವೂ ಇರಲಿ.'

ಮಣಿಪಾಲದ ವರ್ಷದ ಪುಸ್ತಕವನ್ನು ಅವಳ ಕೈಗೇ ಕೊಟ್ಟಿದ್ದೇನೆ. ಏನು ಮಾಡಬೇಕೋ ಅವಳೇ ಮಾಡುತ್ತಾಳೆ, ನಾನು ಕೇಳುವುದಿಲ್ಲ. ಉಳಿದವುಗಳ ಪಿನ್ನುಗಳನ್ನು ತೆಗೆಯಲು ಶುರು ಮಾಡಿದ್ದೇವೆ. ಮೇಷ್ಟ್ರು ಹೇಳಿದ್ದು ನಿಜ, 80ರ ದಶಕದ ಪುಸ್ತಕಗಳಲ್ಲಿ ಪಿನ್ನಿನ ಸುತ್ತಲಿನ ಕಾಗದ ಪುಡಿಯಾಗುತ್ತಿದೆ.

ಉಡುಪಿಯ ಮಗಳೇ, ನೀನು ಹೇಳಿದ ಹಾಳೆಯನ್ನು ಅವಳು ಮಾಡುತ್ತಿದ್ದಾಳೆ. ನಾನು ಬ್ಯಾಂಕಿನಲ್ಲಿದ್ದವನು, ನಮ್ಮ ಹೆಸರಿನದು ಯಾವುದೂ ಬಾಕಿ ಇರಲಾರದು. ಆದರೆ ಅವಳ ತಂದೆ ಅವಳ ಹೆಸರಿನಲ್ಲಿ ಊರಿನ ಸಹಕಾರ ಸಂಘದಲ್ಲಿ ಶೇರು ತೆಗೆದಿದ್ದರ ಬಗ್ಗೆ ಮೊದಲ ಪುಸ್ತಕದಲ್ಲೇ ಒಂದು ಸಾಲಿದೆ. ಅದು ಉದ್ಗಮ್‌ನಲ್ಲಿ ಸಿಗುವಂಥದ್ದಲ್ಲ, ಸಂಘಕ್ಕೇ ಹೋಗಿ ಕೇಳಬೇಕು. ಮನೆ ಬಿಡುವ ಮೊದಲು ಇಬ್ಬರೂ ಹೋಗಿ ಬರುತ್ತೇವೆ.

ಮೇಷ್ಟ್ರೇ, ಅವಳದ್ದೊಂದು ಪ್ರಶ್ನೆ ಇದೆ. ನೀವು ಫೋನಿನಲ್ಲಿ ಕೊಟ್ಟ ಹಣವನ್ನು ಆ ದಿನವೇ ಬರೆಯುತ್ತೀರೋ, ತಿಂಗಳ ಕೊನೆಗೆ ಬ್ಯಾಂಕಿನ ಸ್ಟೇಟ್‌ಮೆಂಟ್ ನೋಡಿ ಬರೆಯುತ್ತೀರೋ? ತರಕಾರಿಯವನಿಗೆ, ಆಟೋದವನಿಗೆ ಕೊಟ್ಟದ್ದೆಲ್ಲ ಸ್ಟೇಟ್‌ಮೆಂಟಿನಲ್ಲಿ ಅವರವರ ಹೆಸರಿನಲ್ಲಿ ಬರುತ್ತದೆ, ಯಾರು ಯಾರೆಂದು ತಿಳಿಯುವುದಿಲ್ಲ ಎನ್ನುತ್ತಾಳೆ. ಬೆಂಗಳೂರಿಗೆ ಹೋದ ಮೇಲೆ ಹೊಸ ಪುಸ್ತಕ ಹಾಕುವವಳಿದ್ದಾಳೆ.